ಗ್ಲೌಸಿನ ಮಡಿ

ನಮ್ಮ ಮೈದುನನಷ್ಟು ಮಡಿವಂತ ಇಡೀ ಜಾರ್ಜಿಯಾ ರಾಜ್ಯದಲ್ಲಿ ಇನ್ನೊಬ್ಬನಿದ್ದಿರಲಾರ. ಸ್ನಾನವೊಂದನ್ನು ಬಿಟ್ಟು ಮಡಿಯ ಎಲ್ಲ ನಿಯಮಗಳನ್ನೂ ಪಾಲಿಸುತ್ತಿದ್ದ!

ನಗಬೇಡಿ. ಅವನು ಅಟ್ಲಾಂಟಾದ ಒಂದು ಲ್ಯಾಬಿನಲ್ಲಿ ಹಣ್ಣಿನ ನೊಣಗಳ ಮಿದುಳನ್ನು ಅಭ್ಯಾಸ ಮಾಡುತ್ತಿದ್ದ ವಿಜ್ಞಾನಿ. ಅವನ ಆರಾಧ್ಯದೈವ ಆರ್‌ಎನ್‌ಎ. ಅದೆಂಥ ಮುಟ್ಟಿದರೆ ಮುನಿ ಅಂತೀರಿ! ಬರಿಗೈ ತಾಗಿದರೆ ಸಾಕು, ನಮ್ಮ ಚರ್ಮದ ಮೇಲಿರುವ ಯಾವುದೋ ಕಿಣ್ವ ಅದನ್ನು ಚೂರುಚೂರು ಮಾಡಿಬಿಡುತ್ತದಂತೆ. ಹಾಗಾಗಿ ಕೈಗೆ ಗ್ಲೌಸು, ಮೇಜಿಗೆ ಯಾವುದೋ ದ್ರಾವಣದ ಪ್ರೋಕ್ಷಣೆ, ಮತ್ತೆ ಹೊಸ ಗ್ಲೌಸು. ಕತ್ತಿನಲ್ಲಿ ಜಪಮಾಲೆಯಂತೆ ಒಂದು ಟೈಮರ್. ಬಾಯಲ್ಲಿ ಸದಾ ಒಂದೇ ಮಂತ್ರ: "ಮುಟ್ಬೇಡಿ!" ಅದೇ ಮಹಾನುಭಾವ ಶನಿವಾರ ಹತ್ತಿರದ ಕಮ್ಮಿಂಗ್ ಊರಿನ ನಮ್ಮ ಮನೆಗೆ ಬಂದರೆ ಬಾಣಲೆಯಿಂದಲೇ ಉಪ್ಪಿಟ್ಟು ತಿನ್ನುತ್ತಿದ್ದ. ಬಾಣಲೆ ತೊಳೆಯೋಣವೆಂದು ಕೈಹಾಕಿದರೆ, ಅಭ್ಯಾಸಬಲ ನೋಡಿ, "ಮುಟ್ಬೇಡಿ!"

ಒಮ್ಮೆ ಪುಳಿಯೋಗರೆ ಡಬ್ಬಿ ಹಿಡಿದುಕೊಂಡು ಅವನ ಲ್ಯಾಬಿಗೇ ಹೋದೆ. ಒಳಗೆ ಕರೆದು ನಿಲ್ಲಿಸಿ ಅವನು ಪಕ್ಕದ ಕೋಣೆಗೆ ಹೋದ. ಮೇಜಿನ ಮೇಲೆ ಮುಚ್ಚಳ ತೆರೆದ ಪುಟಾಣಿ ಟ್ಯೂಬುಗಳು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಅಚ್ಚುಕಟ್ಟು ಸುಮ್ಮನಿರಲು ಬಿಡುತ್ತದೆಯೇ? ಧೂಳು ಬೀಳದಿರಲೆಂದು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಇಪ್ಪತ್ತನಾಲ್ಕು!

ಬಂದವನು ನೋಡಿದ. ಮುಖ ಸುಣ್ಣವಾಯಿತು.

"ಏನಾಯ್ತೋ?"

"ಏನಿಲ್ಲ ಅತ್ತಿಗೆ. ಬನ್ನಿ, ಹೊರಗೆ ಕೂತ್ಕೊಂಡು ತಿನ್ನೋಣ."

ಹೊರಗಿನ ಬೆಂಚಿನ ಮೇಲೆ ಕೂತು ಮೊದಲ ತುತ್ತಿಗೇ "ಗೊಜ್ಜು ಸೂಪರ್" ಎಂದ. ನನ್ನ ಹೆಬ್ಬೆರಳು ನುಂಗಿದ್ದು ಮೂರು ವಾರದ ಕೆಲಸ ಎಂದು ಗೊತ್ತಾದದ್ದು ಒಂದು ವರ್ಷದ ಮೇಲೆ. ಅದೂ ಅವನಿಂದಲ್ಲ, ನಮ್ಮ ಯಜಮಾನರಿಂದ.

"ಇಷ್ಟೆಲ್ಲ ಮಡಿ ಮಾಡಿ ನೋಡೋದಾದ್ರೂ ಏನೋ?" ಎಂದು ಒಂದು ಶನಿವಾರ ಕೇಳಿದೆ.

"ಡಿಎನ್‌ಎ ಅಂದ್ರೆ ಅಡುಗೆ ಪುಸ್ತಕ ಅನ್ಕೊಳಿ ಅತ್ತಿಗೆ. ಕಪಾಟಿನಿಂದ ಆಚೆ ತೆಗೆಯೋ ಹಾಗಿಲ್ಲ. ಅದ್ರಿಂದ ಕಾಪಿ ಮಾಡ್ಕೊಂಡ ಚೀಟಿ ಆರ್‌ಎನ್‌ಎ. ಚೀಟಿ ಸಿಕ್ಕಿದ ತಕ್ಷಣ ಎಲ್ಲಾರೂ ಒಲೆ ಹಚ್ಚಿಬಿಟ್ರೆ?"

"ಗಲಾಟೆ."

"ಅದಕ್ಕೇ ಕೆಲವು ಪ್ರೋಟೀನ್‌ಗಳಿವೆ. ಚೀಟೀನ ಗಟ್ಟಿಯಾಗಿ ಹಿಡ್ಕೊಂಡು, ನರಕೋಶದ ತುದೀವರೆಗೂ ಹೋಗಿ, ಹೊತ್ತು ಬಂದಾಗ ಮಾತ್ರ ಬಿಟ್ಕೊಡ್ತವೆ. ಮಿದುಳು ಬೆಳೆಯೋಕೂ, ನೆನಪು ನಿಲ್ಲೋಕೂ ಅವು ಬೇಕು."

"ಓ! ಮದುವೆ ಮನೇಲಿ ಉಗ್ರಾಣದ ಬೀಗದ ಕೈ ಸೆರಗಿಗೆ ಕಟ್ಕೊಂಡು ಕೂತಿರ್ತಾರಲ್ಲ ದೊಡ್ಡತ್ತೆ, ಅವರು!"

"ನಮ್ ಪ್ರೊಫೆಸರ್‌ಗೆ ಇಷ್ಟು ಚೆನ್ನಾಗಿ ಎಕ್ಸ್‌ಪ್ಲೇನ್ ಮಾಡಕ್ಕೆ ಬರಲ್ಲ!"

ನಗುನಗುತ್ತಲೇ ನನ್ನ ಕಣ್ಣು ಮಗಳ ಕಡೆ ಹೋಯಿತು. ಮೂರೂವರೆ ವರ್ಷದ ಅವಳು ಇನ್ನೂ ಒಂದೇ ಒಂದು ಮಾತಾಡಿರಲಿಲ್ಲ. ಕಿವಿ ಸರಿಯಾಗಿದೆ ಎಂದಿದ್ದರು ಡಾಕ್ಟರು. ವಾರಕ್ಕೆ ಎರಡು ದಿನ ಸ್ಪೀಚ್ ಥೆರಪಿ ನಡೆದಿತ್ತು. ನಾರ್‌ಕ್ರಾಸಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಆಂಟಿಯರೆಲ್ಲ ಕೊತ್ತಂಬರಿ ಆರಿಸುತ್ತಲೇ ಮದ್ದು ಹೇಳುತ್ತಿದ್ದರು. ಬಜೆ ತೇಯ್ದು ನೆಕ್ಕಿಸಿ. ಟಿವಿ ಆಫ್ ಮಾಡಿ. ನಮ್ಮವನೂ ಹಾಗೇ ಇದ್ದ, ಈಗ ಬಾಯೇ ಮುಚ್ಚಲ್ಲ!

"ಇವಳ ಚೀಟಿ ಯಾರ ಕೈಲಿ ಸಿಕ್ಕಿಹಾಕ್ಕೊಂಡಿದ್ಯೋ?" ಎಂದೆ.

ಅವನು ಟೈಮರನ್ನು ಸುಮ್ಮನೆ ತಿರುಗಿಸುತ್ತ ಕೂತ. "ಗೊತ್ತಿಲ್ಲ ಅತ್ತಿಗೆ. ನಾನು ನೋಡೋದು ನೊಣ. ನಿಮ್ ಹತ್ರ ಸುಳ್ಳು ಹೇಳಲ್ಲ."

ಊರೆಲ್ಲ ಗೊತ್ತು ಎಂದಿತ್ತು. ಗೊತ್ತಿಲ್ಲ ಎಂದು ಹೇಳಿಯೂ ಪಕ್ಕದಿಂದ ಏಳದವನು ಅವನೊಬ್ಬನೇ.

ಮುಂದಿನ ಶನಿವಾರದಿಂದ ನಮ್ಮ ಮನೆಯಲ್ಲಿ ಹೊಸ ವ್ರತ ಶುರುವಾಯಿತು. ಮಗಳ ಮುಂದೆ ಒಂದು ಲೋಟ ಹಿಡಿದು "ನೀರು" ಎನ್ನುವುದು. ಹತ್ತು ನಿಮಿಷಕ್ಕೆ ಟೈಮರ್ ಇಡುವುದು. ಅದು ಕೂಗಿದ ಕೂಡಲೇ ಮತ್ತೆ "ನೀರು".

"ಒಂದೇ ಸಮನೆ ಕಲಿಸಿದ್ರೆ ನೊಣ ಮರ್ತುಬಿಡತ್ತೆ. ಬಿಟ್ಟುಬಿಟ್ಟು ಕಲಿಸಿದ್ರೆ ನೆನಪಿಟ್ಕೊಳತ್ತೆ."

"ನನ್ನ ಮಗಳೇನು ನೊಣವಾ?"

"ಛೆ ಛೆ! ನೊಣ ಕೋಆಪರೇಟ್ ಮಾಡತ್ತೆ!"

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಒಂದು ಶನಿವಾರವೂ ತಪ್ಪಲಿಲ್ಲ. ಫಲಿತಾಂಶ? ಮಗಳು ಲೋಟವನ್ನು ನೋಡಿ ನಗುತ್ತಿದ್ದಳು, ಅಷ್ಟೆ. ನಮ್ಮ ಯಜಮಾನರಿಗೆ ಮಾತ್ರ ಟೈಮರ್ ಕೂಗಿದರೆ ಸಾಕು, ಬಾಯಾರಿಕೆಯಾಗತೊಡಗಿತು!

ಆಮೇಲೆ ಅವನಿಗೆ ನಾರ್ತ್ ಕ್ಯಾರೊಲಿನಾದಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ತಲೆಗೆ ಮಂಕಿ ಕ್ಯಾಪು, ಕಾರಿನ ಕಿಟಕಿಗಳೆಲ್ಲ ತೆರೆದು, ಅಂಥ ಚಳಿಯಲ್ಲಿ ನಡುಗುತ್ತ ಬಂದ. ಹಿಂದಿನ ಸೀಟಿನಲ್ಲಿ ಥರ್ಮೋಕೋಲ್ ಡಬ್ಬ, ಅದರ ತುಂಬ ಹೊಗೆಯಾಡುವ ಡ್ರೈ ಐಸು, ಐಸಿನೊಳಗೆ ಅವನ ನಾಲ್ಕು ವರ್ಷದ ಟ್ಯೂಬುಗಳು. ಆ ಹೊಗೆ ಕಾರಿನೊಳಗೆ ತುಂಬಬಾರದೆಂದು ಕಿಟಕಿ ತೆರೆದಿದ್ದಂತೆ! ಡಬ್ಬವನ್ನು ಹಿತ್ತಲಿನ ಮರದ ಡೆಕ್ಕಿನ ಮೇಲಿಟ್ಟು ಮೊಸರನ್ನ ತಿಂದ. ದಾರಿಗೆ ಐಸು ಸಾಕೇ ನೋಡೋಣವೆಂದು, ಏನೋ ಯೋಚನೆಯಲ್ಲಿ, ಬರಿಗೈಯಲ್ಲೇ ಮುಚ್ಚಳಕ್ಕೆ ಕೈಹಾಕಿದ.

"ಮುಟ್‌ಬೇಡೀ!"

ಡಬ್ಬದ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು ನನ್ನ ಮಗಳು.

ಪೊಲೀಸರು ಹಿಡಿದವನಂತೆ ಅವನು ಎರಡೂ ಕೈ ಮೇಲೆತ್ತಿದ್ದ. "ಇಲ್ಲಮ್ಮ... ಮುಟ್ಟಲ್ಲ" ಎಂದ. ಜೇಬಿನಿಂದ ಗ್ಲೌಸು ತೆಗೆದು ಹಾಕಿಕೊಂಡ, ಅದರಲ್ಲೇ ಕಣ್ಣು ಮೂಗು ಎಲ್ಲ ಒರೆಸಿಕೊಂಡ. ಅಂಥ ಮಡಿವಂತ, ಆ ಗ್ಲೌಸನ್ನು ಬದಲಾಯಿಸಲೂ ಇಲ್ಲ!

"ಟೈಮ್ ಆಯ್ತಲ್ಲೋ, ಐಸ್ ಕರಗತ್ತೆ, ಹೊರಡು," ಎಂದರು ಯಜಮಾನರು.

"ಕರಗ್ಲಿ ಬಿಡೋ ಅಣ್ಣ. ಹತ್ತು ನಿಮಿಷ."

ಟೈಮರ್ ಇಟ್ಟ. ಅವನ ನಾಲ್ಕು ವರ್ಷದ ಕೆಲಸ ಪಕ್ಕದಲ್ಲಿ ಹೊಗೆಯಾಡುತ್ತಿರಲು, ಡೆಕ್ಕಿನ ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತು ಕಾದ. ಈಗ ಅವಳು ಸ್ಕೂಲಿನಿಂದ ಬಂದರೆ ಅಡುಗೆಮನೆಯಲ್ಲಿ ನನಗೆ ಮಾತಾಡಲು ಸಂದೇ ಸಿಗುವುದಿಲ್ಲ. ಅದಕ್ಕೆ ಯಾವುದು ಕಾರಣ, ಥೆರಪಿಯೋ ಟೈಮರೋ, ನನಗೆ ಗೊತ್ತಿಲ್ಲ. ಅವನನ್ನು ಕೇಳಿದರೆ ಅವನೂ ಅದನ್ನೇ ಹೇಳುತ್ತಾನೆ. ಆದರೆ ಯಾರನ್ನು ನೆನೆದರೆ ನನ್ನ ಕೈ ತಾನಾಗಿ ಮುಗಿಯುತ್ತದೆ ಎನ್ನುವುದು ಮಾತ್ರ ಗೊತ್ತು.

ಆ ದಿನ ಹತ್ತು ನಿಮಿಷಕ್ಕೆ ಸರಿಯಾಗಿ ಟೈಮರ್ ಕೂಗಿತು. ಯಜಮಾನರು ನೀರಿಗೆಂದು ಎದ್ದರು. ನಮ್ಮ ಮಡಿವಂತ ಗ್ಲೌಸು ಕಳಚಿ, ಮಗಳನ್ನೇ ನೋಡುತ್ತ, ಬರಿಗೈಯನ್ನು ಮೆಲ್ಲಗೆ ಡಬ್ಬದ ಕಡೆಗೆ ಚಾಚಿದ.

ಅವಳು ಮತ್ತೆ ಹೇಳಿದಳು.