ಟೇಪಿನಲ್ಲಿ ಅಳೆದ ಸಮುದ್ರ

"ನಾಳೆ ಸಂಜೆ ಬಾಗಿಲು ತಟ್ಟೋವರೆಗೂ ನನ್ನಿಂದ ಒಂದೇ ಒಂದು ಫೋನ್ ಬರಲ್ಲ, ನೋಡ್ತಿರಿ!" ಗೆಳತಿಯರ ಜೊತೆ ಕಡಲತೀರ ಸುತ್ತಲು ಹೊರಟಿದ್ದ ಟೈಲರಮ್ಮ ಗಂಡನ ಮುಂದೆ ಕತ್ತರಿ ಝಳಪಿಸಿ ಘೋಷಿಸಿದಳು.

"ಬಂದ್ರೆ?"

"ಮುಂದಿನ ಪ್ರವಾಸಕ್ಕೆ ನೀವೂ ಬನ್ನಿ!"

ಗೆಳತಿಯರಿಬ್ಬರ ಎದೆ ಧಸಕ್ಕೆಂದಿತು. ಆತ ಒಳ್ಳೆಯವನೇ. ಆದರೆ ಕಾರು ಹತ್ತಿದ ಕೂಡಲೇ ಹಾಡಲು ಶುರು ಮಾಡುತ್ತಾನೆ. ಇಳಿದ ಮೇಲೂ ನಿಲ್ಲಿಸುವುದಿಲ್ಲ.

"ಫೋನ್ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಕಾರು ಓಡಿಸುವ ಟೀಚರ್.

"ಕಟ್ಟು ನಾನೇ ಹಾಕ್ತೀನಿ," ಎಂದಳು ನರ್ಸ್.

ಮೊದಲ ಕಡಲತೀರದಲ್ಲಿ ಮರಳು ಬೆಳ್ಳಗಿತ್ತು, ಎರಡನೆಯದರಲ್ಲಿ ಕಪ್ಪಗೆ. ಯಾಕೆ ಹೀಗೆ? ಏಡಿಗೆ ನೆಟ್ಟಗೆ ನಡೆಯಲು ಏನು ಕಷ್ಟ? ಟೈಲರಮ್ಮನಿಗೆ ಎಲ್ಲವೂ ತಿಳಿಯಲೇಬೇಕು! ಅಳತೆಯ ಟೇಪು ರಜೆಯ ದಿನವೂ ಅವಳ ಕೊರಳು ಬಿಟ್ಟಿರಲಿಲ್ಲ. ಶಂಖಗಳ ಸುತ್ತಳತೆ ತೆಗೆದಳು. ಏಡಿಯ ಸೊಂಟದ ಅಳತೆಗೆ ಹೋಗಿ ಬೆರಳು ಕಚ್ಚಿಸಿಕೊಂಡಳು.

ಮೂರನೆಯ ತೀರದ ಕೊನೆಯಲ್ಲಿ ಗುಡ್ಡಕ್ಕೆ ಅಂಟಿಕೊಂಡು ನೀರಿಗೆ ಚಾಚಿದ ಒಂದು ದೊಡ್ಡ ಬಂಡೆ.

"ಅಲ್ಲಿಂದ ಏನೇನು ಕಾಣಿಸ್ಬಹುದೇ?"

ಪಾದ ಮುಳುಗುವಷ್ಟೇ ನೀರು. ಮೂವರೂ ದಾಟಿ, ಬಂಡೆ ಹತ್ತಿ, ಸಮುದ್ರಕ್ಕೆ ಮುಖ ಮಾಡಿ ಹರಟೆಗೆ ಕೂತರು. ಹರಟೆ ಮುಗಿದಾಗ ಬಂದ ದಾರಿಯೇ ಇರಲಿಲ್ಲ! ಅಲ್ಲೆಲ್ಲ ಅಲೆಗಳು ಕುಣಿಯುತ್ತಿದ್ದವು. ಈಜು ಮೂವರಿಗೂ ಬಾರದು.

"ಗಾಬರಿ ಬೇಡ, ಅಳೀತೀನಿ," ಎಂದು ಟೈಲರಮ್ಮ ಬಂಡೆಯಂಚಿನಿಂದ ಟೇಪು ಇಳಿಬಿಟ್ಟಳು. "ನೀರಿಗೆ ಇನ್ನೂ ನಲವತ್ತು ಇಂಚಿದೆ!"

ಸ್ವಲ್ಪ ಹೊತ್ತಿಗೆ ಮತ್ತೆ ಅಳೆದಳು. "ಅಯ್ಯೋ, ಇಪ್ಪತ್ತೇ!"

ಮೊದಲು ಅಳೆದಾಗ ಅಲೆ ಹಿಂದೆ ಸರಿದಿತ್ತು, ಈಗ ಮುಂದೆ ಬಂದಿತ್ತು, ಅಷ್ಟೆ. ಅದನ್ನು ಯೋಚಿಸುವ ತಾಳ್ಮೆ ಯಾರಿಗಿತ್ತು? ಟೀಚರ್ ಬೆರಳು ಮಡಚಿ ಲೆಕ್ಕ ಹಾಕಿದಳು.

"ಇದೇ ವೇಗದಲ್ಲಿ ಏರಿದ್ರೆ ಕಾಲು ಗಂಟೇಲಿ ಕತ್ತಿನವರೆಗೆ!"

"ಯಾರ ಕತ್ತು? ನಾನು ಕುಳ್ಳಿ ಕಣೇ!" ಎಂದು ಚೀರಿದ ನರ್ಸ್, ಕಣ್ಣು ಮುಚ್ಚಿ ಕೈ ಮುಗಿದಳು. "ದೇವರೇ, ಯಾರನ್ನಾದ್ರೂ ಕಳಿಸಪ್ಪಾ!"

"ಗಂಡನಿಗೆ ಫೋನ್ ಮಾಡೇ!" ಎಂದಳು ಟೀಚರ್.

"ಕೈ ಮುರೀತೀನಿ ಅಂದಿದ್ಯಲ್ಲೇ?"

"ಹಾಡು ಕೇಳಿ ಯಾರೂ ಸತ್ತಿಲ್ಲ, ಮಾಡೇ!"

ಟೈಲರಮ್ಮನ ಶಪಥ ಸಮುದ್ರ ಪಾಲಾಯಿತು.

"ರೀ, ನೀರು ಏರ್ತಾ ಇದೆ ರೀ! ದೋಣಿನೋ ಪೊಲೀಸೋ, ಯಾರನ್ನಾದ್ರೂ ಕಳಿಸಿ!"

ಆತ ಛೇಡಿಸಲಿಲ್ಲ. "ಎಲ್ಲಿದ್ದೀಯ? ಗಟ್ಟಿಯಾಗಿ ಹಿಡ್ಕೊಂಡಿರು, ಹೊರಟೆ!"

ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು.

"ಸ್ವಲ್ಪ ಸರೀತೀರಾಮ್ಮಾ? ಇಲ್ಲಿ ನಮ್ದೂ ಒಂದು ಫೋಟೋ ಆಗ್ಬೇಕು."

"ಯಾರೇ ಅದು?" ಎಂದ ಗಂಡ.

"ಯಾರೋ ತಾತ ರೀ... ಐಸ್‌ಕ್ರೀಮ್ ತಿಂತಿದ್ದಾರೆ."

"ಸಮುದ್ರದ ಮಧ್ಯೆ ಐಸ್‌ಕ್ರೀಮಾ? ಹೇಗೆ ಬಂದ್ರು?"

ನರ್ಸ್ ಕಣ್ಣು ತೆರೆದಳು. ದೇವರು ಕಳಿಸಿದ್ದ, ಕೈಗೆ ಐಸ್‌ಕ್ರೀಮನ್ನೂ ಕೊಟ್ಟು! ಟೈಲರಮ್ಮ ಮೆಲ್ಲಗೆ ಗುಡ್ಡದ ಕಡೆ ತಿರುಗಿ ನೋಡಿದಳು.

"ಮೆಟ್ಟಿಲಿದೆ ರೀ."

"ಏನು?"

"ಹಿಡ್ಕೊಳ್ಳೋಕೆ ಕಂಬೀನೂ ಇದೆ... ಮೇಲೆ ಅಂಗಡೀನೂ ಇದೆ."

ಆ ಕಡೆಯಿಂದ ಒಂದು ನೀಳವಾದ ನಿಟ್ಟುಸಿರು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

"ಸರಿ ಕಣೇ. ಮುಂದಿನ ಸಲ ಮುಂದಿನ ಸೀಟು ನಂದು ತಾನೇ?"