ತಾಂಬಾಕ್ಕೆ ಹೋಗಿಬಂದ ಪಾಸ್‌ಪೋರ್ಟು

ನನಗೆ ಶಕುನಗಳಲ್ಲಿ ನಂಬಿಕೆಯಿಲ್ಲ. ಆದರೆ ನಂಬುವವರ ಎದುರು ವಾದ ಮಾಡುವ ಧೈರ್ಯವೂ ಇಲ್ಲ. ಅದರಲ್ಲೂ ನಂಬುವವಳು ನಮ್ಮವ್ವನಾದರೆ, ಬಾಯಿ ಮುಚ್ಚಿಕೊಂಡಿರುವುದೇ ಆರೋಗ್ಯಕ್ಕೆ ಒಳ್ಳೆಯದು. ನಾನು ನರ್ಸು, ಆರೋಗ್ಯದ ವಿಷಯ ನನಗೆ ತಿಳಿಯುತ್ತದೆ.

ಆಸ್ಟ್ರೇಲಿಯಾದ ಒಂದು ವೃದ್ಧಾಶ್ರಮದಲ್ಲಿ ನನ್ನ ಕೆಲಸ. ಅಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿ ಕೂತಿದ್ದೇನೆ. ಅರ್ಜಿ ಇತ್ಯರ್ಥವಾಗುವ ತನಕ ದೇಶ ಬಿಟ್ಟು ಹೋಗಬೇಕೆಂದರೆ ಬೇರೆ ಅನುಮತಿ ಬೇಕು. ಅದರಲ್ಲಿ ಬರೆದ ತಾರೀಖಿನೊಳಗೆ ಮರಳದಿದ್ದರೆ ಒಳಗೆ ಬಿಡುವುದಿಲ್ಲ. ಬಸುರಿ ತಂಗಿಯ ಕುಬಸಕ್ಕೆಂದು ತವರೂರು ಹೊರ್ತಿಗೆ ಬಂದವಳು ಆ ಪತ್ರವನ್ನು ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಿದ್ದೆ. ಕುಬಸಕ್ಕೆ ಬಂದ ಹೆಂಗಸರಲ್ಲಿ ಕೆಲವರು ಅದು ಗಂಡ ಬರೆದ ಕಾಗದವೆಂದು ತಿಳಿದರಂತೆ. ನನ್ನ ಗಂಡ ಅಂಥದ್ದೆಲ್ಲ ಬರೆಯುವ ಮನುಷ್ಯನಲ್ಲ.

ವಿಮಾನ ಹಿಡಿಯಲು ಮಂಗಳವಾರ ಹೊರಡಲೇಬೇಕಿತ್ತು. ಅವ್ವ ತಕರಾರು ತೆಗೆದಳು. “ಮಂಗಳವಾರ ಮಗಳು ತವರಮನಿ ಬಿಟ್ಟು ಹೋಗಬಾರದು. ಸೋಮವಾರನ ಪ್ರಸ್ಥಾನ ಇಟ್ಟಬಿಡೂಣು.” ಅಂದರೆ, ಒಳ್ಳೆಯ ದಿನ ನೋಡಿ ನಮ್ಮದೊಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ; ಮರುದಿನ ಹೋಗುವಾಗ ಎತ್ತಿಕೊಂಡು ನಡೆದರಾಯಿತು. “ಪ್ರಯಾಣಕ್ಕ ಏನ ಮುಖ್ಯ ಐತಿ, ಅದನ್ನ ಅದರಾಗ ಇಡು” ಎಂದಳು. ನಾನು ವಿಧೇಯ ಮಗಳು. ಪಾಸ್‌ಪೋರ್ಟನ್ನೂ ಅನುಮತಿ ಪತ್ರವನ್ನೂ ಇಟ್ಟು, ಎದುರು ಮನೆಯ ಗುರವ್ವ ಕಾಕುವಿನ ಕೈಗೆ ಚೀಲ ಕೊಟ್ಟುಬಂದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಕಾಕುವಿನ ಬಾಗಿಲಿಗೆ ಕೀಲಿ. ಫೋನ್ ಮಾಡಿದರೆ ಅದು ಕೀಲಿ ಹಾಕಿದ ಬಾಗಿಲ ಹಿಂದೆಯೇ ಹಾಡತೊಡಗಿತು. ಸೊಲ್ಲಾಪುರದ ಬಸ್ಸಿಗೆ ಒಂದು ತಾಸು ಉಳಿದಿತ್ತು. ಅದು ತಪ್ಪಿದರೆ ಮುಂಬಯಿಯ ರೈಲು ತಪ್ಪಿತು, ವಿಮಾನ ತಪ್ಪಿತು, ತಾರೀಖೂ ದಾಟಿತು. ಕೀಲಿ ಒಡೆಯುತ್ತೇನೆಂದು ನಾನು ಕಲ್ಲು ಹುಡುಕಿದೆ. ಅವ್ವ ಅಡ್ಡ ನಿಂತಳು. “ಪ್ರಸ್ಥಾನ ಇಟ್ಟ ಮನಿ ಕೀಲಿ ಒಡದು ಹೋದರ, ಹೋದ ಕೆಲಸ ಆಕ್ಕೈತೇನು?” ಶಕುನ ನಂಬದ ನಾನು ಕಲ್ಲನ್ನು ಕೆಳಗಿಟ್ಟೆ. ಕಟ್ಟೆಯ ಮೇಲೆ ಕೂತು ನಿಜವಾಗಿಯೂ ಅತ್ತೆ.

ಅರ್ಧ ತಾಸಿನಲ್ಲಿ ಇಂಡಿ ಬಸ್ಸಿನಿಂದ ಕಾಕು ಇಳಿದು ಬಂದಳು, ಕಂಕುಳಲ್ಲಿ ನನ್ನ ಚೀಲ.

“ನಮ್ಮ ತಂಗೀಗಿ ಆರಾಮ ಇಲ್ಲಂತ ನಿನ್ನೆ ಗಡಬಡಿಸಿ ಆಕಿ ಊರು ತಾಂಬಾಕ ಹೋದ್ನೆವಾ. ನಿನ್ನ ಪ್ರಸ್ಥಾನ ಕೀಲಿ ಹಾಕಿದ ಮನ್ಯಾಗ ಒಂದ ಬಿಟ್ಟು ಹೋಗಾಕ ಮನಸ ಬರಲಿಲ್ಲ. ಜೋಡೀಲೆ ಕರಕೊಂಡ ಹೋಗಿದ್ದೆ. ಆಕಿ ಇನ್ನೂ ಮಲಗ್ಯಾಳ, ಆದರ ನೀ ಹೊಂಟು ನಿಂತಿರ್ತಿ ಅಂತ ಮೊದಲನೇ ಬಸ್ಸಿಗಿ ಬಂದೆ.”

ಹಾಸಿಗೆ ಹಿಡಿದ ತಂಗಿಯನ್ನು ಬಿಟ್ಟು, ನನ್ನ ಒಂದು ಚೀಲಕ್ಕಾಗಿ ಬಂದಿದ್ದಳು. ಕಾಲಿಗೆ ಬಿದ್ದೆ. “ಏಳವಾ, ಬಸ್ಸ ಬರತೈತಿ” ಎಂದಳು. ಇಂಥವರ ಎದುರು ಮನೆಯಲ್ಲಿ ಹುಟ್ಟಿದ್ದಕ್ಕೆ ನಾನು ಯಾವ ಅರ್ಜಿಯನ್ನೂ ಹಾಕಿರಲಿಲ್ಲ, ಸುಮ್ಮನೆ ಸಿಕ್ಕಿತ್ತು.

ವಿಮಾನದಲ್ಲಿ ಕೊಟ್ಟ, ಏನೇನು ತಂದಿದ್ದೇವೆಂದು ಬರೆಯುವ ಫಾರ್ಮು ತುಂಬಲು ಪೆನ್ನಿಗಾಗಿ ಚೀಲದ ತಳಕ್ಕೆ ಕೈ ಹಾಕಿದರೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಐದು ಶೇಂಗಾ ಹೋಳಿಗೆ. ಬರೀ ಕಾಗದವಿದ್ದ ಚೀಲವನ್ನು ಹಾಗೇ ಹಿಂದಿರುಗಿಸಬಾರದೆಂದು ಕಾಕು ಇಟ್ಟಿದ್ದು. ತಿನಿಸು ತಂದು ತಂದಿಲ್ಲವೆಂದು ಬರೆದರೆ ಆ ದೇಶದಲ್ಲಿ ದೊಡ್ಡ ತಪ್ಪು. ಅರ್ಜಿ ಬಾಕಿಯಿರುವವಳಿಗಂತೂ ಕೇಳುವುದೇ ಬೇಡ. ತಂದಿದ್ದೇನೆಂದು ಬರೆದರೆ ಕಸದ ಡಬ್ಬಿಗೆ ಹಾಕಿಬಿಟ್ಟರೆ ಎಂಬ ಸಂಕಟ. ಯೋಚಿಸುತ್ತ ಒಂದು ತಿಂದೆ. ಇಳಿಯುವ ಹೊತ್ತಿಗೆ ಯೋಚನೆಯೂ ಮುಗಿದಿತ್ತು, ಹೋಳಿಗೆಯೂ ಮುಗಿದಿತ್ತು. ಪಕ್ಕದವರಿಗೆ ಒಂದನ್ನಾದರೂ ಕೊಡಬೇಕಿತ್ತೆಂದು ಹೊಳೆದದ್ದು ಆಮೇಲೆ.

“ತಿನ್ನುವ ಪದಾರ್ಥ ಏನಾದರೂ ಇದೆಯೇ?” ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದೆ. ಈ ದೇಶಕ್ಕೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇನೆ. ಇಷ್ಟು ಸತ್ಯವಾದದ್ದನ್ನು ಇಷ್ಟು ಕಳ್ಳಮುಖ ಹೊತ್ತು ಹಿಂದೆಂದೂ ಹೇಳಿರಲಿಲ್ಲ.