ಸ್ಟುಡಿಯೊದಲ್ಲಿ ತೊಳೆದ ನವಿಲು

ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ‘ಕೌಂಟ್ ಟು ಟೆನ್, ಮೈ ಚೈಲ್ಡ್, ಆ್ಯಂಡ್ ಸ್ಮೈಲ್.’ ಎಪ್ಪತ್ತರ ಹತ್ತಿರ ಬಂದರೂ ನಾನು ಅದನ್ನು ಪಾಲಿಸುತ್ತೇನೆ. ತೊಂದರೆ ಏನೆಂದರೆ, ನಾನು ಎಣಿಸುವುದು ಇಂಗ್ಲಿಷಿನಲ್ಲಿ, ಸಿಟ್ಟು ಬರುವುದು ಹೊಸಪೇಟೆ ಕನ್ನಡದಲ್ಲಿ. ‘ಸೆವೆನ್’ ಮುಟ್ಟುವಷ್ಟರಲ್ಲಿ ಬಾಯಿ ತನ್ನ ದಾರಿ ಹಿಡಿದಿರುತ್ತದೆ. ಈ ಬರಹದಲ್ಲಿ ಎಲ್ಲಾದರೂ ಮಾತು ಖಾರವಾದರೆ, ಅಲ್ಲಿ ನಾನು ಏಳರ ಆಸುಪಾಸಿನಲ್ಲಿದ್ದೆ ಎಂದು ತಿಳಿದು ಕ್ಷಮಿಸಬೇಕು. ಕ್ಷಮಿಸದಿದ್ದರೂ ನಡೆಯುತ್ತದೆ, ನನ್ನ ಸಿಟ್ಟೇನೂ ಇನ್ನೂ ಇಳಿದಿಲ್ಲ.

ಎಲ್ಲ ಶುರುವಾದದ್ದು ಒಂದು ಕ್ಯಾಮೆರಾದಿಂದ. ತಂಗಿಯ ಮಗಳು ಸಿಂಗಪುರಕ್ಕೆ ಟೂರ್ ಹೋದವಳು ನನಗೆಂದು ತಂದಳು. ಅಂಗೈಯಗಲದ್ದು, ಹೆಸರು ಮಿರರ್‌ಲೆಸ್. ದೊಡ್ಡ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತದಂತೆ, ಪ್ರತಿ ಫೋಟೊಗೂ ಅದು ಎದ್ದು ಬೀಳಬೇಕಂತೆ. ಇದಕ್ಕೆ ಆ ಏಳುಬೀಳಿನ ಕಷ್ಟವಿಲ್ಲ. ಒಮ್ಮೆ ಒತ್ತಿ ಹಿಡಿದರೆ ಸಾಕು, ಒಂದರ ಬೆನ್ನಿಗೆ ಒಂದು ಹತ್ತು ಹನ್ನೆರಡು ಚಿತ್ರ. ಅಣೆಕಟ್ಟಿನ ಆಫೀಸಿನಲ್ಲಿ ಮೂವತ್ತು ವರ್ಷ ಸ್ಟೆನೊ ಆಗಿದ್ದವಳು ನಾನು. ವೇಗವೆಂದರೆ ನನಗೆ ಗೌರವ. ಇದು ಬರುವ ಮೊದಲು ನಮ್ಮಪ್ಪನ ರೀಲ್ ಕ್ಯಾಮೆರಾದಲ್ಲಿ ನಾನು ತೆಗೆದ ಪಕ್ಷಿಗಳೆಲ್ಲ ಖಾಲಿ ಕೊಂಬೆಗಳು. ಒಂದು ಆಲ್ಬಮ್ ತುಂಬ ಖಾಲಿ ಕೊಂಬೆಗಳಿವೆ; ಪ್ರತಿಯೊಂದರ ಕೆಳಗೂ ಹಾರಿಹೋದ ಹಕ್ಕಿಯ ಹೆಸರನ್ನು ನೀಟಾಗಿ ಬರೆದಿದ್ದೇನೆ. ಹೊಸ ಕ್ಯಾಮೆರಾ ಬಂದ ತಿಂಗಳಲ್ಲೇ ಹಂಪಿಯ ಮಂಗ ಫಾರಿನ್ ಹುಡುಗಿಯ ಬಾಳೆಹಣ್ಣು ಕಿತ್ತುಕೊಂಡದ್ದು ಸಿಕ್ಕಿತು, ಕಂಪ್ಲಿ ಸೇತುವೆಯ ಬಳಿ ಮಿಂಚುಳ್ಳಿ ಮೀನಿನ ಸಮೇತ ನೀರಿನಿಂದೆದ್ದದ್ದು ಸಿಕ್ಕಿತು. ಇಷ್ಟು ಸುಖ ಈ ವಯಸ್ಸಿಗೆ ಟೂ ಮಚ್ ಎಂದುಕೊಳ್ಳುತ್ತಿರುವಾಗಲೇ ಸಂಡೂರಿಗೆ ಹೋದೆ.

ಸ್ಕೂಲಿನಲ್ಲಿದ್ದಾಗ ಸಂಡೂರಿಗೆ ನಮ್ಮನ್ನು ಪಿಕ್‌ನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮರಳಿ ಬಂದಾಗ ಬಿಳಿ ಸಾಕ್ಸಿಗೆ ಹುಲ್ಲಿನ ಮುಳ್ಳು ಹತ್ತಿರುತ್ತಿತ್ತು, ಸಿಸ್ಟರ್ ಬೈಯುತ್ತಲೇ ಒಂದೊಂದಾಗಿ ಕೀಳುತ್ತಿದ್ದರು. ಈಗ ಬಸ್ಸಿಳಿದರೆ ಹುಲ್ಲು ಹುಡುಕಬೇಕು. ಅದಿರಿನ ಲಾರಿಗಳು ಇರುವೆ ಸಾಲಿನಂತೆ ನಿಂತಿದ್ದವು. ಗುಡ್ಡದ ಬುಡದಲ್ಲಿ ಹುಲಿಗೆಮ್ಮನ ಮಿರ್ಚಿ ಅಂಗಡಿ. ತಗಡಿನ ಮೇಲೆ, ಬೇವಿನ ಎಲೆಯ ಮೇಲೆ, ಹುಲಿಗೆಮ್ಮನ ರೆಪ್ಪೆಯ ಮೇಲೆ, ಎಲ್ಲ ಕಡೆ ಒಂದೇ ಇಟ್ಟಿಗೆ ಬಣ್ಣ.

‘ಬರ್ರಿ ಅಮ್ಮಾರ, ಬೆಂಚ್ ಒರಸಿ ಕುಂದ್ರಿ’ ಎಂದಳು. ‘ಒರಸಿದ್ರೂ ಅಷ್ಟ ಬಿಡ್ರಿ, ಇನ್ನೊಂದು ಲಾರಿ ಬಂತು.’

‘ಮಿರ್ಚಿಗೆ ಕಲರ್ ಹಾಕ್ತೀಯೇನಮ್ಮ?’

‘ನಾ ಯಾಕ ಹಾಕ್ಲಿ? ಫ್ರೀ ಬರತೈತಲ್ರಿ, ಲಾರಿ ಮ್ಯಾಲೆ!’

ನಕ್ಕಳು, ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ‘ಮ್ಯಾಲಿನ ಗುಡ್ಡನೂ ಗಣಿಗೆ ಕೊಡ್ತಾರಂತ್ರಿ. ನಮ್ಮೂರಿಗೆ ಕುಡಿಯೋ ನೀರು ಬರೋ ಸೆಲಿ ಅಲ್ಲೇ ಐತಿ. ಹೋದ್ಸಲ ಸಾಹೇಬ್ರು ಬಂದಾಗ ಧೂಳು ಭಾಳ ಐತ್ರಿ ಅಂದ್ರ, ಪುರಾವೆ ಎಲ್ಲೈತಿ ಅಂದ್ರು. ಧೂಳಿನ್ಯಾಗ ನಿಂತ್ಕೊಂಡು ಧೂಳಿಗೆ ಪುರಾವೆ ಕೇಳ್ತಾರ ನೋಡ್ರಿ!’

ನಾನು ಒನ್, ಟೂ ಎಂದು ಎಣಿಸತೊಡಗಿದ್ದೆ. ಅಂಗಡಿಯ ಹಿಂದಿನ ಬಂಡೆಯ ಮೇಲೆ ಯಾರೋ ಮಣ್ಣಿನ ಬೊಂಬೆ ಮಾಡಿಟ್ಟಂತೆ ಏನೋ ಕೂತಿತ್ತು. ಲಾರಿಯೊಂದು ಹಾರ್ನ್ ಹೊಡೆಯಿತು. ಬೊಂಬೆ ಎದ್ದು ನಿಂತು ಮೈ ಕೊಡವಿತು. ನವಿಲು! ಬೆರಳು ತಾನಾಗಿ ಒತ್ತಿ ಹಿಡಿಯಿತು. ಮೊದಲ ಚಿತ್ರದಲ್ಲಿ ಬರೀ ಮಣ್ಣು. ನಡುವಿನದರಲ್ಲಿ ಹಕ್ಕಿಯ ಸುತ್ತ ಕೆಂಪು ಮೋಡ, ಮೋಡ ಸೀಳಿಕೊಂಡು ಬಂದ ಒಂದು ಗೇಣು ನೀಲಿ ಕುತ್ತಿಗೆ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ತೋರಿಸಿದಾಗ ಹುಲಿಗೆಮ್ಮ ಎಣ್ಣೆಗೈ ಸೆರಗಿಗೆ ಒರಸಿಕೊಂಡು, ‘ಇದ ನೋಡ್ರಿ ಪುರಾವೆ’ ಎಂದಳು. ‘ಮುಂದಿನ ವಾರ ನಮ್ಮ ಸಾಲಿ ಮುಂದ ಗಣಿ ಬಗ್ಗೆ ಸಾಹೇಬ್ರ ಮೀಟಿಂಗ್ ಐತಿ. ದೊಡ್ಡದು ಮಾಡಿಸಿ ತರ್ರಿ ಅಮ್ಮಾರ. ನಮ್ ಮಾತು ಕೇಳಂಗಿಲ್ಲ, ನವಿಲಿನ ಮಾತರ ಕೇಳ್ಲಿ.’

ಹೊಸಪೇಟೆಯಲ್ಲಿ ನನಗೆ ಗೊತ್ತಿರುವ ಸ್ಟುಡಿಯೊ ವೀರೇಶನದು. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊ. ‘ಸಂಡೂರಿನ ನವಿಲು, ದೊಡ್ಡ ಸೈಜು, ಲ್ಯಾಮಿನೇಶನ್’ ಎಂದು ಕ್ಯಾಮೆರಾದ ಮೆಮೊರಿ ಕಾರ್ಡು ಕೊಟ್ಟು ಬಂದೆ. ಮೀಟಿಂಗಿನ ದಿನ ಬೆಳಿಗ್ಗೆ ಕಾರ್ಡು ಮರಳಿಸಿ, ಚಿತ್ರವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟ. ಬಸ್ಸಿಗೆ ಹೊತ್ತಾಗಿತ್ತು, ಬಿಚ್ಚಿ ನೋಡಲಿಲ್ಲ.

ಶಾಮಿಯಾನ, ಗಣಿ ಕಂಪನಿಯ ಖರ್ಚಿನ ಉಪ್ಪಿಟ್ಟು, ವೇದಿಕೆಯ ಮೇಲೆ ಬಿಳಿ ಶರಟಿನ ಸಾಹೇಬರು, ಪಕ್ಕದಲ್ಲಿ ಆ ಬಿಸಿಲಿನಲ್ಲೂ ಟೈ ಕಟ್ಟಿದ ಕಂಪನಿಯ ಆಫೀಸರು. ನನ್ನ ಸರದಿ ಬಂತು. ಪೇಪರು ಹರಿದು ಚಿತ್ರವನ್ನು ಎರಡೂ ಕೈಯಲ್ಲಿ ಅವರತ್ತ ಎತ್ತಿ ಹಿಡಿದೆ. ನನಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ. ‘ಲುಕ್ ಅಟ್ ದಿಸ್, ಸರ್!’ ಎಂದು ಗುಡುಗಿದೆ. ‘ನೀವು ಪುರಾವೆ ಕೇಳಿದ್ರಲ್ಲ? ಈ ಗುಡ್ಡ ಹೇಗಿದೆ ಅಂತ ನಿಮ್ಮ ಕಣ್ಣಾರೆ ನೋಡಿ!’ ಸಾಹೇಬರು ಕನ್ನಡಕ ಏರಿಸಿಕೊಂಡು ‘ವಾಹ್’ ಎಂದರು. ಟೈ ಕಟ್ಟಿದವನು ಚಪ್ಪಾಳೆ ತಟ್ಟಿದ. ‘ನಾವೂ ಇದನ್ನೇ ಹೇಳೋದು ಮೇಡಂ. ಎಂಥ ಗ್ರೀನರಿ!’

ಚಿತ್ರ ತಿರುಗಿಸಿ ನೋಡಿದೆ. ಹಚ್ಚಹಸಿರು ಗುಡ್ಡ, ತಿಳಿ ಆಕಾಶ, ಆಗಷ್ಟೇ ಶಾಂಪೂ ಹಾಕಿ ಮೀಯಿಸಿದಂಥ ನವಿಲು. ಧೂಳಿನ ಒಂದು ಕಣವಿಲ್ಲ. ಸಾಹೇಬರ ಪಕ್ಕದ ಗುಮಾಸ್ತ ಆಗಲೇ ಬರೆದುಕೊಳ್ಳುತ್ತಿದ್ದ. ತಲೆಕೆಳಗಾದ ಬರಹ ಓದುವುದು ಸ್ಟೆನೊಗಳ ಹುಟ್ಟುಗುಣ. ‘ಹಿರಿಯ ಮಹಿಳೆಯೊಬ್ಬರು ಪ್ರದೇಶದ ಹಸಿರನ್ನು ಚಿತ್ರ ಸಮೇತ ಪ್ರಶಂಸಿಸಿದರು.’ ಮೂಲ ಚಿತ್ರ ತೋರಿಸುತ್ತೇನೆಂದು ಕ್ಯಾಮೆರಾ ತೆಗೆದೆ. ಇದರ ಒಂದು ಚಟ ಹೇಳಲು ಮರೆತೆ: ಕನ್ನಡಿ ಇಲ್ಲವಲ್ಲ, ಕಣ್ಣಿಟ್ಟು ನೋಡುವ ಕಿಂಡಿಯೂ ಒಂದು ಪುಟ್ಟ ಟಿ.ವಿ.ಯೇ, ನೋಡಿದಷ್ಟೂ ಬ್ಯಾಟರಿ ಕುಡಿಯುತ್ತದೆ. ಸರದಿ ಕಾಯುತ್ತ ಆ ಕಿಂಡಿಯಲ್ಲೇ ಶಾಲೆಯ ಮಾಡಿನ ಗುಬ್ಬಿಗಳನ್ನು ನೋಡುತ್ತ ಕೂತಿದ್ದೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಕಪ್ಪಾಯಿತು.

ಆಗ ಹುಲಿಗೆಮ್ಮ ಎದ್ದಳು. ‘ಸಾಹೇಬ್ರ, ಪಟ ಬಿಡ್ರಿ ಅತ್ಲಾಗ. ನೀವು ಬಂದು ಎರಡು ತಾಸಾತು. ಕರ್ಚೀಪ್ ತಗದು ಒಂದ್ಸಲ ಮಾರಿ ಒರಸ್ಕೊಳ್ರಿ ನೋಡೋಣ.’ ತಾಯಿ ಹೇಳಿದಂತಿತ್ತೋ ಏನೋ, ಸಾಹೇಬರು ಯೋಚಿಸದೆ ಒರಸಿಕೊಂಡರು. ಬಿಳಿ ಕರ್ಚೀಫು ಕುಂಕುಮದ ಚೀಲವಾಯಿತು. ಇಡೀ ಶಾಮಿಯಾನ ಬಿದ್ದು ಬಿದ್ದು ನಕ್ಕಿತು. ಅವರು ಕೆಂಪನ್ನು ಒಳಗೆ ಮಾಡಿ ಮಡಿಚಿ ಜೇಬಿಗಿಟ್ಟುಕೊಂಡರು. ಗುಮಾಸ್ತ ಅದನ್ನು ಬರೆಯಲಿಲ್ಲ. ಫೋಟೊ ಹೊಡೆಯಲು ನನ್ನ ವೇಗದ ಕ್ಯಾಮೆರಾಕ್ಕೆ ಜೀವವಿರಲಿಲ್ಲ. ಆದರೂ ಆ ನಗುವಿಗೆ ಅಂಜಿ ಸಾಹೇಬರು ಒಂದು ಮಾತು ಕೊಟ್ಟರು: ‘ಒಂದು ಅರ್ಜಿಗೆ ಮೂಲ ಚಿತ್ರ ಹಚ್ಚಿ, ಏನೂ ತಿದ್ದಿಲ್ಲ ಅಂತ ಸಹಿ ಮಾಡಿ, ನಿಮ್ಮದೊಂದು ಫೋಟೊ ಅಂಟಿಸಿ, ವಾರದೊಳಗೆ ಆಫೀಸಿಗೆ ಕೊಡಿ. ಆಮೇಲೆ ತೀರ್ಮಾನ.’

ಬಸ್ಸಿಳಿದವಳು ಮನೆಗೂ ಹೋಗದೆ ನೇರ ಸ್ಟುಡಿಯೊಗೆ ನುಗ್ಗಿದೆ. ‘ಹೆಂಗ ಬಂದೈತ್ರಿ ಮೇಡಮ್ಮೋರ?’ ಎಂದು ವೀರೇಶ ಹಲ್ಲು ಬಿಟ್ಟ. ಎಣಿಸುವ ಪ್ರಶ್ನೆಯೇ ಇರಲಿಲ್ಲ.

‘ಯಾರು ಹೇಳಿದ್ರೋ ನಿನಗೆ ಅದನ್ನ ತೊಳಿ ಅಂತ? ಈಡಿಯಟ್!’

‘ಯಾರು ಹೇಳ್ಬೇಕ್ರಿ? ಸಂಡೂರಿನ ಫೋಟೊ ಅಂದ್ರ ತೊಳೀಲೇಬೇಕಲ್ರಿ’ ಎಂದ, ನಿಜವಾಗಿಯೂ ನೊಂದುಕೊಂಡು. ಕಂಪ್ಯೂಟರಿನಲ್ಲಿ ಒಂದು ಮದುವೆಯ ಫೋಟೊ ತೆರೆದ. ಮದುಮಗ, ಮದುಮಗಳು, ಬೀಗರು, ತಾಂಬೂಲದ ತಟ್ಟೆ, ಎಲ್ಲ ಅದೇ ಇಟ್ಟಿಗೆ ಬಣ್ಣ. ಒಂದು ಬಟನ್‌ಗೆ ‘ಸಂಡೂರ್’ ಎಂದೇ ಹೆಸರಿಟ್ಟುಕೊಂಡಿದ್ದ. ಒತ್ತಿದ. ಎಲ್ಲರೂ ಮಿಂದು ಬಂದವರಂತಾದರು. ‘ಒತ್ತದ ಕೊಟ್ರ ಬೀಗ್ರು ಜಗಳಕ್ಕ ಬರ್ತಾರ್ರಿ. ನಿಮ್ದು ಹಕ್ಕಿ, ಪಾಪ ಅಂತ ಎರಡು ಸಲ ಒತ್ತೀನಿ.’

ನಾನು ಅವನ ಗೋಡೆಯ ಫ್ರೇಮುಗಳನ್ನು ಒಂದೊಂದಾಗಿ ನೋಡಿದೆ. ಆ ಊರುಗಳ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲವೂ ಹೀಗೆ ತೊಳೆದುಕೊಂಡು ಗೋಡೆಗೇರಿವೆ. ಮುಂದೆ ಮೊಮ್ಮಕ್ಕಳು ಆಲ್ಬಮ್ ತೆಗೆದು, ಅಜ್ಜಿ ಸುಮ್ಮನೆ ಧೂಳು ಧೂಳು ಎನ್ನುತ್ತಿದ್ದಳು, ಎಂಥ ಹಸಿರಿತ್ತು ನೋಡು ಎನ್ನುತ್ತಾರೆ. ಗಣಿಯವರು ಬಚ್ಚಿಡುವ ಮೊದಲೇ ನಾವೇ ಬಚ್ಚಿಟ್ಟು ಫ್ರೇಮು ಹಾಕಿಸಿದ್ದೇವೆ. ಇದನ್ನು ನೆನೆದಾಗಲೆಲ್ಲ ನಾನು ಈಗಲೂ ಏಳಕ್ಕೇ ನಿಲ್ಲುತ್ತೇನೆ.

‘ನವಿಲನ್ನ ಇದ್ದದ್ದು ಇದ್ದ ಹಾಗೆ ಹೊಡಿ. ನನ್ನ ಫೋಟೊನೂ ಹಾಗೇ. ಒಂದು ಬಟನ್ ಮುಟ್ಟಿದರೆ ಕೈ ಮುರೀತೀನಿ’ ಎಂದೆ.

‘ನಿಮ್ದೂ ಏನ್ರಿ?’ ಎಂದ ವೀರೇಶ, ಕನಿಕರದಿಂದ.

ಆದರೂ ನಾನು ಹೇಳಿದಂತೆಯೇ ಮಾಡಿಕೊಟ್ಟ. ಎರಡೂ ಚಿತ್ರಗಳನ್ನು ಅಂಟಿಸಿ, ಏನನ್ನೂ ತಿದ್ದಿಲ್ಲವೆಂದು ಸಹಿ ಮಾಡಿ ಮರುದಿನ ಆಫೀಸಿಗೆ ಹೋದೆ. ಕೌಂಟರಿನ ಗುಮಾಸ್ತ ಕೆಂಪು ಮೋಡದೊಳಗಿನ ನವಿಲನ್ನು ಬಹಳ ಹೊತ್ತು ನೋಡಿ, ‘ಅಯ್ಯೋ ಪಾಪ’ ಎಂದು ಸೀಲಿಗೆ ಕೈ ಹಾಕಿದ. ಆಮೇಲೆ ಪಕ್ಕದ ಪುಟ್ಟ ಫೋಟೊ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೊ ನೋಡಿದ. ‘ನಿಮ್ ಫೋಟೊ ಹಚ್ಬೇಕ್ರಿ ಅಮ್ಮ. ಇದು ನಿಮ್ಮ ತಾಯಿಯವ್ರದಲ್ಲೇನ್ರಿ?’

‘ನಂದೇ’ ಎಂದೆ. ‘ಮುಖದ ಮೇಲಿರೋ ಗೆರೆ ಎಲ್ಲ ಮೈನಿಂಗ್ ಡಸ್ಟ್.’

ಅವನು ಮತ್ತೊಮ್ಮೆ ಅಯ್ಯೋ ಪಾಪ ಎಂದು ಸೀಲು ಗುದ್ದಿ ರಸೀದಿ ಕೊಟ್ಟ. ಆ ಕಂಪನಿಯ ಮೇಲೆ ನಾನು ಹೊರಿಸಿದ ಸುಳ್ಳು ಆರೋಪ ಅದೊಂದೇ.